ಕೈ ಎತ್ತಿ ನಿಂತ ಗೊಂಬೆ

ಶಿಗ್ಗಾಂವದ ಬಸ್ ಸ್ಟ್ಯಾಂಡಿನ ಎದುರಿಗಿರುವ ಬಟ್ಟೆ ಅಂಗಡಿಗೆ ಈಚೆಗೆ ಒಂದು ಗೊಂಬೆ ಬಂದಿದೆ. ಆಳೆತ್ತರದ ಈ ಸುಂದರಿ ನೈಲಾನ್ ಸೀರೆ ಉಟ್ಟು, ಬಲಗೈಯನ್ನು ಅರ್ಧಕ್ಕೆ ಎತ್ತಿ, ಹುಬ್ಬಳ್ಳಿ ಬಸ್ಸಿಗೆ ಕೈ ಮಾಡುತ್ತಿರುವವಳಂತೆ ಹಗಲಿಡೀ ನಿಂತಿರುತ್ತಾಳೆ. ಅವಳ ಸೆರಗು ಜಾರುವುದಿಲ್ಲ, ನಿರಿಗೆ ಕೆದರುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನಾನಾದರೋ ಪಿನ್ನುಗಳ ಕೃಪಾಕಟಾಕ್ಷದಿಂದಲೇ ಸೀರೆಯೊಳಗೆ ಉಳಿದುಕೊಂಡವಳು. ಹೀಗಾಗಿ ಅವಳೆದುರು ಹಾದುಹೋಗುವಾಗಲೆಲ್ಲ ನನಗೆ ಸಣ್ಣದೊಂದು ಮತ್ಸರ.

ನಿಮಗೆ ನಗು ಬರಬಹುದು, ಆದರೆ ಇಂಥ ಗೊಂಬೆಗಳು ಬರುವ ಮೊದಲು ನಮ್ಮ ಕಡೆ ಈ ಕೆಲಸವನ್ನು ಮೀಸೆ ಹೊತ್ತ ಗಂಡಸರು ಮಾಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಸವಣೂರಿನ ಪೇಟೆಯಲ್ಲಿ ಸೀರೆ ತೋರಿಸುತ್ತಿದ್ದ ಮೌಲಾಸಾಬರೇ ನಾನು ಕಂಡ ಮೊಟ್ಟಮೊದಲ ಮಾಡೆಲ್. ದುಂಡು ಹೊಟ್ಟೆಯ ಆ ಮಹಾನುಭಾವರು ಗಾದಿಯ ಮೇಲೆ ಎದ್ದು ನಿಂತು, ಅಂಗಿಯ ಮೇಲೆಯೇ ಸೀರೆ ಸುತ್ತಿ, ನಿರಿಗೆ ಹಿಡಿದು, ಸೆರಗನ್ನು ಹೆಗಲಿಗೆ ಹಾಸಿಕೊಂಡು ಒಮ್ಮೆ ನಿಧಾನವಾಗಿ ತಿರುಗಿದರೆಂದರೆ ಮೀಸೆಯೂ ಹೊಟ್ಟೆಯೂ ಮಾಯವಾಗಿ ಸೀರೆಯೊಂದೇ ಕಣ್ಣೆದುರು ಉಳಿಯುತ್ತಿತ್ತು. ಚಲೋ ಇದೆ, ಒಪ್ಪುತ್ತದೆ ಎಂಬ ಒಂದು ಮಾತನ್ನೂ ಅವರು ಆಡುತ್ತಿರಲಿಲ್ಲ. ಕೊಳ್ಳುವ ಹೆಂಗಸರೂ ಅಷ್ಟೇ: ಬೇಡವಾದರೆ ಗೋಡೆ ನೋಡುವರು, ಬೇಕಾದರೆ ಸೆರಗಿನ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ತೀಡುವರು. ತೀಡಿದ್ದು ಕಂಡಿತೋ, ಮೌಲಾಸಾಬರು ಉಳಿದ ಸೀರೆಗಳನ್ನು ಮಡಚಿಡುವರು. ವ್ಯಾಕರಣ ಓದಿಕೊಂಡ ನನಗೆ ಶಬ್ದವೇ ಇಲ್ಲದ ಈ ಭಾಷೆ ಇಂದಿಗೂ ಪರಮಾಶ್ಚರ್ಯ.

ಈ ಭಾಷೆಯನ್ನು ನಂಬಿಯೇ ನಮ್ಮ ಅಜ್ಜಿ ಒಮ್ಮೆ ಗಂಗವ್ವ ಚಿಗವ್ವನನ್ನೂ ನನ್ನನ್ನೂ ಸವಣೂರಿಗೆ ಕರೆದೊಯ್ದಳು. ಚಿಗವ್ವ ನಮ್ಮ ಅವ್ವನ ತಂಗಿ. ಎಳೆಯ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು. ಅಂದಿನಿಂದ ಬಣ್ಣಗೆಟ್ಟ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಹೆಂಡತಿ ಸತ್ತ ಮಾಸೂರಿನ ರೈತನೊಬ್ಬ ಅವಳನ್ನು ಉಡಕಿ ಮಾಡಿಕೊಳ್ಳುತ್ತೇನೆಂದು ಹೇಳಿ ಕಳಿಸಿದ್ದ. ವಿಧವೆಯ ಮರುಮದುವೆಗೆ ನಮ್ಮಲ್ಲಿ ಉಡಕಿ ಎನ್ನುತ್ತಾರೆ. ಹೆಚ್ಚಿನ ಶಾಸ್ತ್ರವಿಲ್ಲ, ಹೊಸ ಸೀರೆ ಉಡಿಸಿದರೆ ಮದುವೆ ಆದಂತೆಯೇ. ಮನೆಯವರೆಲ್ಲ ಒಪ್ಪಿದ್ದರು. ಚಿಗವ್ವನ ಮನಸ್ಸು ಮಾತ್ರ ಯಾರಿಗೂ ತಿಳಿಯದು. ಏನು ಕೇಳಿದರೂ ನೀವು ಹೇಳಿದಂತೆ ಎಂದು ತಲೆ ತಗ್ಗಿಸುವ ಪೈಕಿ ಅವಳು.

ಬಸ್ಸಿನಲ್ಲಿ ಅಜ್ಜಿ ನನ್ನ ಕಿವಿಯ ಹತ್ತಿರ ಬಾಗಿ, "ಬಾಯಿಲೆ ಕೇಳಿದ್ರ ನಮ್ಮ ಸಲುವಾಗಿ ಹೂಂ ಅಂತಾಳ. ಕೈ ಹಂಗಲ್ಲ. ಆಕಿ ಕೈ ನೋಡಕೋತ ಕುಂದ್ರು," ಎಂದಳು.

ಮೌಲಾಸಾಬರ ಅಂಗಡಿಯಲ್ಲಿ ನಾನು ಕುಳಿತು ನೋಡಿದೆ. ಸೀರೆಯ ಮೇಲೆ ಸೀರೆ ಬಿಚ್ಚಿಕೊಂಡರೂ ಚಿಗವ್ವನ ಕೈಗಳು ಮಡಿಲಲ್ಲೇ ಇದ್ದವು. ಯಾತಕ್ಕೆ ಬಂದಿದ್ದೇವೆಂದು ಅವಳಿಗೂ ಗೊತ್ತಿತ್ತು. ಕೊನೆಗೆ ಮೌಲಾಸಾಬರು ಗಿಣಿಹಸಿರಿನ, ಕೆಂಪು ಸೆರಗಿನ ಇಳಕಲ್ ಸೀರೆಯೊಂದನ್ನು ಹೆಗಲಿಗೆ ಹಾಕಿಕೊಂಡು ತಿರುಗಿದಾಗ ಚಿಗವ್ವನ ಬಲಗೈ ತಾನಾಗಿಯೇ ಎದ್ದಿತು. ಹೆಬ್ಬೆರಳು ಅಂಚನ್ನು ತೀಡಿತು, ಅಲ್ಲೇ ನಿಂತಿತು. ಅಜ್ಜಿಯ ಕಣ್ಣು ತುಂಬಿ ಬಂತು. ಮಾಸೂರಿಗೆ ನಾಳೆಯೇ ಹೇಳಿ ಕಳಿಸೋಣ ಎಂದು ಅವಳು ಚಿಗವ್ವನ ಬೆನ್ನು ಸವರಿದಳು. ನನಗೂ ಪರೀಕ್ಷೆ ಪಾಸಾದಷ್ಟು ಸಂತೋಷವಾಗಿತ್ತು.

ಚಿಗವ್ವ ಸೆರಗನ್ನು ಬಿಡಲಿಲ್ಲ. "ಸೀರಿ ಬೇಕವ್ವ. ಮಾಸೂರು ಬ್ಯಾಡ," ಎಂದಳು. ಅಜ್ಜಿಯತ್ತ ತಿರುಗಿ, "ಇದನ್ನ ನನಗ ಯಾರೂ ಉಡಸೂದು ಬ್ಯಾಡ. ನಾನ ಉಟ್ಗೋತೇನಿ," ಎಂದಳು.

ಗಂಡನಿಲ್ಲದವಳು ಹಸಿರುಡುವುದೆಂದರೆ ಆಗ ಊರು ಸುಮ್ಮನಿರುತ್ತಿರಲಿಲ್ಲ. ಅಜ್ಜಿ ಬಹಳ ಹೊತ್ತು ಗೋಡೆ ನೋಡುತ್ತ ಕುಳಿತಳು. ಮೌಲಾಸಾಬರು ಸೀರೆಯನ್ನು ಮಡಚಲೂ ಇಲ್ಲ, ಇಳಿಸಲೂ ಇಲ್ಲ, ಹೆಗಲ ಮೇಲೆ ಹೊತ್ತುಕೊಂಡೇ ನಿಂತಿದ್ದರು. ಆಮೇಲೆ ಅಜ್ಜಿ ಕೈ ನೀಡಿ, ಚಿಗವ್ವ ಹಿಡಿದಿದ್ದ ಅದೇ ಅಂಚನ್ನು ತಾನೂ ಒಮ್ಮೆ ತೀಡಿದಳು. "ಕಟ್ಟಿ ಕೊಡ್ರಿ," ಎಂದಳು.

ಮರುದಿನ ಬೆಳಿಗ್ಗೆ ಚಿಗವ್ವ ಆ ಸೀರೆ ಉಟ್ಟು, ಬುತ್ತಿ ಹಿಡಿದು, ಎಲೆಬಳ್ಳಿಯ ತೋಟದ ಕೆಲಸಕ್ಕೆ ಹೊರಟಳು. ಕಟ್ಟೆಯ ಮೇಲಿನ ಮಾತು ನಿಂತಿತು. ಬಾಗಿಲುಗಳಲ್ಲಿ ಮುಖಗಳು ಮೂಡಿದವು. ಅವಳು ನಡಿಗೆ ಬಿರುಸು ಮಾಡಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಓಣಿ ದಾಟುವವರೆಗೆ ನಾನು ನೋಡುತ್ತ ನಿಂತೆ. ದೊಡ್ಡ ಶಹರಗಳಲ್ಲಿ ಬಟ್ಟೆ ತೊಟ್ಟು ನಡೆದು ತೋರಿಸುವ ಚೆಲುವೆಯರ ಚಿತ್ರಗಳನ್ನು ಆಮೇಲೆ ಪತ್ರಿಕೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಅಂಥ ನಡಿಗೆಯನ್ನು ಮಾತ್ರ ಮತ್ತೆ ಕಾಣಲಿಲ್ಲ.

ಮೊನ್ನೆ ಚಿಗವ್ವ ಶಿಗ್ಗಾಂವಕ್ಕೆ ಬಂದಿದ್ದಳು. ಈಗ ಕೂದಲು ನರೆತಿದೆ, ಉಟ್ಟದ್ದು ಮಾತ್ರ ಕುಸುಬಿ ಹೂವಿನ ಕೇಸರಿ ಬಣ್ಣದ ಸೀರೆ. ಬಸ್ಸು ಹತ್ತಿಸಲು ಹೋದಾಗ ನಾನು ಆ ಗೊಂಬೆಯನ್ನು ತೋರಿಸಿ, ಎಷ್ಟು ಅಚ್ಚುಕಟ್ಟಾಗಿ ಉಟ್ಟಿದ್ದಾಳೆ ನೋಡು ಎಂದೆ. ಚಿಗವ್ವ ಅದನ್ನು ಮೇಲಿನಿಂದ ಕೆಳಗೆ ನೋಡಿದಳು.

"ಸೀರಿ ಚಲೋ ಐತಿ. ಬೇಕೇನವ್ವಾ ಅಂತ ಆಕಿನ್ನ ಯಾರೂ ಕೇಳಿಲ್ಲ ಅನಸ್ತೈತಿ," ಎಂದಳು.

ಅವಳ ಬಸ್ಸು ಹೋದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಗೊಂಬೆಯ ಕೈ ಎಂದಿನಂತೆಯೇ ಅರ್ಧಕ್ಕೆ ಎದ್ದಿತ್ತು. ಬಸ್ಸಿಗೆ ಕೈ ಮಾಡುವವಳಂತೆ ನನಗೆ ಕಾಣಲಿಲ್ಲ. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಏನೋ ಹೇಳಬೇಕೆಂದು ಕೈ ಎತ್ತಿ ಕಾಯುವ ಹುಡುಗಿಯಂತೆ ಕಂಡಳು.