ಐದು ಗಂಟಿನ ಬಾಟಲಿ

ಆ ದಿನ ದವಾಖಾನೆಯಲ್ಲಿ ನಾನು ಕೊಟ್ಟಿದ್ದು ತಂಗಿಯ ಮೂತ್ರ ಅಲ್ಲ, ಮೊಸರಿನ ಮೇಲೆ ನಿಲ್ಲುವ ತಿಳಿನೀರು. ಬಣ್ಣ ಅಗದಿ ಹಂಗೇ ಇತ್ತು.

ಎಪ್ಪತ್ತರ ದಶಕದ ಮಾತು. ಗುಡಗೇರಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಕೀಟಲೆ ಖಾತೆಯ ಏಕೈಕ ಮಂತ್ರಿ ನಾನು.

ತಂಗಿ ನೀಲಾಗೆ ಏಳು ವರ್ಷ. ಎರಡು ತಿಂಗಳ ಹಿಂದೆ ಕಾಲ ತುಂಬ ಕೆಂಪು ಚುಕ್ಕೆ ಎದ್ದು, ಮೊಣಕಾಲು ಬಾತು, ಹೊಟ್ಟೆನೋವಿಗೆ ಒದ್ದಾಡಿದ್ದಳು. ಅವ್ವ 'ಅಮ್ಮ ಬಂದಾಳ' ಅಂತ ಬೇವಿನ ಸೊಪ್ಪು ಹಾಸಿದಳು. ಹುಬ್ಬಳ್ಳಿಯ ಡಾಕ್ಟರ್ ಮಾತ್ರ ರಕ್ತನಾಳದ ಉರಿಯೂತ ಅಂದರು.

"ಚುಕ್ಕಿ ಹೋಗ್ತಾವು. ಕಿಡ್ನಿ ಉಳೀತದೋ ಇಲ್ಲೋ, ಅದನ್ನ ಉಚ್ಚಿನೇ ಹೇಳಬೇಕು. ಆರು ತಿಂಗಳು, ವಾರಕ್ಕೊಮ್ಮೆ ಕುದಿಸಿ ನೋಡಸ್ರಿ. ಬೆಳ್ಳಗಾದ್ರ ಅವತ್ತೇ ಕರಕೊಂಡು ಬರ್ರಿ."

ಬಾಟಲಿ ಒಯ್ಯುವ ಘನಕಾರ್ಯ ನನ್ನ ಪಾಲಿಗೆ. ಪಕ್ಕದೂರಿನ ದವಾಖಾನೆಯ ಕಂಪೌಂಡರ್ ಅದನ್ನು ಇಸಿದುಕೊಂಡು ಒಳಗೆ ಹೋಗುತ್ತಿದ್ದ, ಚೀಟಿ ಹಿಡಿದು ಹೊರಗೆ ಬರುತ್ತಿದ್ದ. ನಾರ್ಮಲ್.

ಏಳು ವಾರ, ಏಳು ಚೀಟಿ.

ಎಂಟನೇ ವಾರ ನನಗೆ ಹುಕಿ ಬಂತು. ತಿಳಿನೀರು ಕುದಿಸಿದರೆ ಒಡೆಯುತ್ತದೆ, ಕಂಪೌಂಡರ್ ಗಾಬರಿಬಿದ್ದು ಓಡಿಬರುತ್ತಾನೆ, ಆಗ ನಾನು ಕೈಮುಗಿದು "ಸ್ವಲ್ಪ ಉಪ್ಪು ಹಾಕ್ಕೊಂಡು ಕುಡೀರಿ ಸರ" ಅನ್ನಬೇಕು... ಅವನ ಬೆರಳು ಸೋಲಲಿ ಅಂತ ಬೂಚಿಗೆ ದಾರ ಸುತ್ತಿ ಐದು ಗಂಟು ಬೇರೆ ಹಾಕಿದ್ದೆ.

ಬೆಂಚಿನ ಮೇಲೆ ಮಠದ ಸ್ವಾಮಿಯ ಹಂಗ ಗಂಭೀರವಾಗಿ ಕೂತೆ.

ಚೀಟಿ ಬಂತು. ನಾರ್ಮಲ್.

ಬಾಟಲಿಯೂ ಬಂತು. ಐದೂ ಗಂಟು ಹಾಗೇ ಇದ್ದವು.

ನಗು ಬರಲಿಲ್ಲ. ಹಂಗಾರ ಹಿಂದಿನ ಏಳು?

"ತೆಗದೇ ಇಲ್ಲಲ್ರಿ ಇದನ್ನ," ಅಂದೆ.

"ಚುಕ್ಕಿ ಹೋಗ್ಯಾವಿಲ್ಲೋ? ಮತ್ತೇನ್ ನೋಡೂದೈತಿ ಲೇ," ಅಂದ.

ಬಾಟಲಿ, ಚೀಟಿ ಎರಡನ್ನೂ ಕಸಿದುಕೊಂಡು ಮನೆಗೆ ಓಡಿದೆ.

ಮನೆಯಲ್ಲಿ ಹೇಳಿದರೆ ಅಪ್ಪ ನಂಬಲಿಲ್ಲ. "ಸಾಕು ನಿನ್ನ ಆಟ." ಅತ್ತ ಅವ್ವ, ನೀಲಾಳ ಊದಿದ ಗಲ್ಲ ಸವರುತ್ತ, "ನೋಡ್ರಿ, ಹೆಂಗ ಮೈ ತುಂಬ್ಕೊಂಡಾಳ" ಅನ್ನುತ್ತಿದ್ದಾಳೆ.

ಬಾಟಲಿಯನ್ನು ಅಪ್ಪನ ಕೈಗಿಟ್ಟೆ. ಒಂದೊಂದೇ ಗಂಟು ಬಿಚ್ಚಿ, ಮೂಸಿ, ಚೀಟಿ ಓದಿದ. ಅಂಗಿ ತೊಟ್ಟು ನೀಲಾಳನ್ನು ಎತ್ತಿಕೊಂಡ.

ಹುಬ್ಬಳ್ಳಿಯಲ್ಲಿ ಡಾಕ್ಟರ್ ನೀಲಾಳ ಮೂತ್ರವನ್ನು ನಮ್ಮೆದುರೇ ಕುದಿಸಿದರು. ಗಾಜಿನ ನಳಿಗೆಯೊಳಗೆ ಒಡೆದ ಹಾಲು.

"ಯಾವಾಗಿಂದ ಹಿಂಗೈತಿ?"

ಅಪ್ಪ ಎಂಟೂ ನಾರ್ಮಲ್ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

ನೀಲಾ ಉಳಿದಳು. ಜೀವನಪೂರ್ತಿ ಸಪ್ಪೆ ಊಟ, ಬಿ.ಪಿ. ಗುಳಿಗೆ. ಈಗ ವಾರಕ್ಕೆರಡು ಸಲ ಡಯಾಲಿಸಿಸ್.

ಕಂಪೌಂಡರ್ ರಿಟೈರ್ ಆದಾಗ ಊರವರು ಶಾಲು ಹೊದಿಸಿದರು. ನಾನೂ ಚಪ್ಪಾಳೆ ತಟ್ಟುವವರ ನಡುವೆ ನಿಂತಿದ್ದೆ, ಕೈ ಕಟ್ಟಿಕೊಂಡು.

ಐದು ಗಂಟು ಬಿಚ್ಚಲಿಕ್ಕೆ ಎಷ್ಟು ಹೊತ್ತು ಬೇಕ್ರಿ, ನೀವೇ ಹೇಳ್ರಿ?