ಹಿಂದೆ ಸರಿಯದ ಐದು ಮನೆ

ಆ ಕಟ್ಟಡದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ವೈರಣ್ಣ. ಇಪ್ಪತ್ತು ವರ್ಷ ಆಫೀಸುಗಳಿಗೆ ಇಂಟರ್ನೆಟ್ ವೈರು ಎಳೆದವನು. ಕಟ್ಟಡದ ಐದು ಮನೆಗೂ ಇದ್ದ ಒಂದೇ ಲೈನಿನ ಉಸ್ತುವಾರಿಯೂ ಅವನದೇ. ಲೈನು ತುಂಬಿದಾಗ ಪ್ರತಿ ಕಂಪ್ಯೂಟರೂ ತಾನಾಗಿಯೇ ವೇಗವನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಮೆಲ್ಲಗೆ ಏರಿಸುತ್ತದೆ. ಕಾವಲಿಗೆ ಯಾರೂ ಬೇಕಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಹಿಂದೆ ಸರಿದರೆ ಎಲ್ಲರ ಕೆಲಸವೂ ಸಾಗುತ್ತದೆ. ಇಷ್ಟು ಚೆನ್ನಾಗಿದ್ದುದನ್ನು ಕೆಡಿಸಿದ ಪುಣ್ಯಾತ್ಮ ಇವನೇ.

ಕೆಳಮನೆಯಲ್ಲಿದ್ದವಳು ಅವನ ಸ್ವಂತ ಅಕ್ಕ, ಕಿವಿ ಕೇಳದ ರೋಗಿಗಳಿಗೂ ಡಾಕ್ಟರಿಗೂ ನಡುವೆ ವಿಡಿಯೋದಲ್ಲಿ ಕೈಸನ್ನೆಯ ಮಾತು ದಾಟಿಸುವವಳು. ಒಂದು ದಿನ ಪರದೆಯ ಮೇಲೆ ಅವಳ ಕೈ ನಿಂತುಹೋಯಿತೆಂದು ತಮ್ಮನ ಕರುಳು ಚುರುಕ್ಕೆಂದಿತು. ಲೈನು ತುಂಬಿದರೂ ಅವಳ ಕಂಪ್ಯೂಟರ್ ವೇಗ ಇಳಿಸಿ ಹಿಂದೆ ಸರಿಯದಂತೆ ಗುಟ್ಟಾಗಿ ಮಾಡಿಕೊಟ್ಟ. ಗುಟ್ಟು ಎಷ್ಟು ದಿನ ಉಳಿದೀತು? ಮೇಲ್ಮನೆಯ ಫೋಟೋದವನು ಬಂದು ತನಗೂ ಮಾಡಿಕೊಡೆಂದು ಗೋಗರೆದ. ಸಂಗೀತದ ಮೇಡಂ ಮುಖ ಊದಿಸಿಕೊಂಡರು. ಇಲ್ಲ ಎನ್ನಲು ಬಾಯಿ ಬಾರದೆ ಐದು ಮನೆಗೂ ಮಾಡಿದ. ಈಗ ಎಲ್ಲರೂ ನುಗ್ಗುವವರೇ, ದಾಟುವವರು ಒಬ್ಬರೂ ಇಲ್ಲ.

ಅಂದು ಬೆಳಿಗ್ಗೆ ಎದೆನೋವಿನ ರೋಗಿಯೊಬ್ಬಳ ಎದುರು ಅಕ್ಕನ ವಿಡಿಯೋ ಒಂಬತ್ತು ನಿಮಿಷ ಅಲ್ಲಾಡಲಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಿ ಎಂದರು ಆಸ್ಪತ್ರೆಯವರು. ಎಲ್ಲರದನ್ನೂ ತೆಗೆದು ಮೊದಲಿನಂತೆ ಮಾಡುತ್ತೇನೆಂದು ವೈರಣ್ಣ ಮೆಟ್ಟಿಲು ಹತ್ತಿ ನಾಲ್ಕು ಬಾಗಿಲು ತಟ್ಟಿದ. ನಾಲ್ಕರಲ್ಲೂ ಒಂದೇ ರಾಗ: “ಮೊದ್ಲು ಅವ್ರದ್ದು ತೆಗಿ, ಆಮೇಲೆ ನಮ್ದು.”

“ನಂದೇ ಮೊದ್ಲು ತೆಗಿಯೋ,” ಎಂದಳು ಅಕ್ಕ. “ಶುರು ಮಾಡಿದ್ದು ನಾವೇ ತಾನೆ.”

ತೆಗೆದ. ಅರ್ಧ ಗಂಟೆಯಲ್ಲಿ ಫೋಟೋದವನು ಮೇಲಿನಿಂದ ಕೂಗಿದ: “ವೈರಣ್ಣಾ, ಈಗ ಲೈನು ಪರವಾಗಿಲ್ಲ ಕಣಯ್ಯಾ! ನಮ್ದು ಹೀಗೇ ಇರ್ಲಿ ಬಿಡು.”

ವೈರಣ್ಣನ ಮೈಯೆಲ್ಲ ಉರಿದುಹೋಯಿತು. ನಾಚಿಕೆಗೆಟ್ಟವರು! ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೆರೆದು ಮುಖ್ಯ ತಂತಿಯನ್ನೇ ಕಿತ್ತ. ನಾಲ್ಕು ಮನೆಯವರೂ ದಡಬಡನೆ ಇಳಿದು ಬಂದರು.

“ತಲೆ ಕೆಟ್ಟಿದ್ಯೇನಯ್ಯಾ ನಿಂಗೆ?”

“ಕೆಟ್ಟಿದೆ. ನಾಲ್ಕೂ ಕಂಪ್ಯೂಟರ್ ಇಲ್ಲಿಗೆ ಬರ್ಲಿ, ಹಳೇ ಥರ ಮಾಡ್ತೀನಿ. ಅಲ್ಲೀವರೆಗೆ ಯಾರಿಗೂ ಇಲ್ಲ.”

“ನಿಮ್ಮಕ್ಕಂಗೂ?”

“ಅವಳಿಗೂ ಇಲ್ಲ.”

ಯಾರೂ ಕದಲಲಿಲ್ಲ. ಮೇಡಂ ತರಲಿ ಎಂದು ಫೋಟೋದವನು, ಅವನು ತರಲಿ ಎಂದು ಮೇಡಂ. ಅಷ್ಟರಲ್ಲಿ ಅಕ್ಕನ ಫೋನ್ ಹೊಡೆದುಕೊಂಡಿತು. ಆಸ್ಪತ್ರೆಯದು. ಅವಳು ಅದನ್ನು ತಂದು ಫೋಟೋದವನ ಕೈಗಿಟ್ಟಳು.

“ನೀವೇ ಹೇಳಿ ಅವ್ರಿಗೆ. ಮುಂದಿನ ರೋಗಿ ಇನ್ನೂ ಎಷ್ಟು ಹೊತ್ತು ಕಾಯ್ಬೇಕು ಅಂತ.”