ಬಾಣಂತನಕ್ಕೆ ಬಂದ ಪೆಟ್ಟಿಗೆ

ಚಚಡಿಯಲ್ಲಿ ಉಳವಪ್ಪ ಎಂಬ ಹೆಸರಿನವರು ಮೂವರಿದ್ದರು. ಅವರಲ್ಲಿ ಆಪರೇಟರ್ ಉಳವಪ್ಪ ಎಂದರೆ ನಮ್ಮ ಉಳವಪ್ಪ ಒಬ್ಬನೇ. ಬೈಲಹೊಂಗಲದ ಅರಳೆ ವ್ಯಾಪಾರಿ ನಿಜಗುಣಪ್ಪನವರ ತಂಬೂ ಸಿನಿಮಾದಲ್ಲಿ ಹದಿನೆಂಟು ವರ್ಷದಿಂದ ಮಷಿನ್ ನಡೆಸುತ್ತಿದ್ದ. ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ತಂಬು ಹೋದಲ್ಲೆಲ್ಲ ಅವನೂ ಹೋಗುತ್ತಿದ್ದ. ಊರಿನಲ್ಲಿ ಅಣ್ಣಂದಿರ ಹೊಲವಿತ್ತು. ಆದರೆ ಕುಂಟೆ ಹಿಡಿದರೆ ಸಾಲು ಸೊಟ್ಟಗೆ ಎಳೆಯುವ ಈ ಮನುಷ್ಯನನ್ನು ಅಣ್ಣಂದಿರು ಹೊಲದ ಕಡೆ ಕರೆಯುವುದನ್ನೇ ಬಿಟ್ಟಿದ್ದರು. ತಂಬು ನಿಂತರೆ ಅವನಿಗೆ ಬೇರೆ ದಿಕ್ಕಿರಲಿಲ್ಲ.

ಮಳೆಗಾಲದಲ್ಲಿ ತಂಬು ಸುತ್ತಿಡುತ್ತಾರೆ. ಪರದೆ, ಕಂಬ, ಹಗ್ಗ ಎಲ್ಲ ನಿಜಗುಣಪ್ಪನವರ ಗೋದಾಮಿಗೆ ಹೋಗುತ್ತಿದ್ದವು. ಆಂಪ್ಲಿಫೈಯರ್ ಮಾತ್ರ ಉಳವಪ್ಪನ ಮನೆಗೆ ಬರುತ್ತಿತ್ತು. ಚಿತ್ರಕ್ಕೆ ದನಿ ಕೊಡುವ ಯಂತ್ರ ಅದು. ಕಬ್ಬಿಣದ ಪೆಟ್ಟಿಗೆ, ಒಳಗೆ ಗಾಜಿನ ವಾಲ್ವುಗಳು, ತಾಮ್ರದ ತಂತಿ ಸುತ್ತಿದ ಭಾರದ ಟ್ರಾನ್ಸ್‌ಫಾರ್ಮರು. ಗೋದಾಮಿನ ಇಲಿಗಳಿಗೆ ಅದರ ವೈರು ಬಲು ರುಚಿ, ಅರಳೆಯೋ ಗಾಳಿಯ ತೇವವನ್ನೆಲ್ಲ ಹೀರಿಕೊಳ್ಳುವಂಥದ್ದು. ಹಾಗಾಗಿ ಪ್ರತಿ ಜ್ಯೇಷ್ಠದಲ್ಲೂ ಪೆಟ್ಟಿಗೆ ಚಕ್ಕಡಿ ಏರಿ ಚಚಡಿಗೆ ಬರುವುದು ರೂಢಿ.

ಎಪ್ಪತ್ಮೂರರಲ್ಲಿ ಉಳವಪ್ಪನಿಗೆ ಒಂದು ಭಾರೀ ವಿಚಾರ ಹೊಳೆಯಿತು. ಪಾಲಿನಲ್ಲಿ ಅವನಿಗೆ ಅಂಗಳದ ಹಗೇವು ಬಂದಿತ್ತು. ನೆಲದೊಳಗಿನ ಆ ಕಣಜದಲ್ಲಿ ಅವನ ಅಜ್ಜನ ಕಾಲದಲ್ಲಿ ಜೋಳ ಮೂರು ಮೂರು ವರ್ಷ ಕೆಡದೆ ಉಳಿಯುತ್ತಿತ್ತು. ಜೋಳ ಕೆಡದ ಜಾಗದಲ್ಲಿ ಯಂತ್ರ ಹೇಗೆ ಕೆಟ್ಟೀತು ಎಂದು ಅವನ ಲೆಕ್ಕ. ಪೆಟ್ಟಿಗೆಗೆ ಹುಲ್ಲು ಸುತ್ತಿ, ಹಗ್ಗ ಕಟ್ಟಿ ಒಳಗಿಳಿಸಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ, ಮಳೆಗಾಲವೆಲ್ಲ ಹಾಯಾಗಿ ನಿದ್ದೆ ಹೊಡೆದ. ಜೋಳ ಕೆಡದಿರುವುದು ಹಗೇವು ಬಾಯಿತನಕ ತುಂಬಿರುತ್ತದೆ ಎಂಬ ಕಾರಣಕ್ಕೆ. ಖಾಲಿ ಹಗೇವು ಮಳೆಗಾಲದಲ್ಲಿ ಒಳಗೊಳಗೇ ಬೆವರುತ್ತದೆ. ಈ ಮಾತನ್ನು ಅವನಿಗೆ ಹೇಳುವವರಿರಲಿಲ್ಲ, ಅವನೂ ಕೇಳಲಿಲ್ಲ.

ಮಳೆ ಹೋದ ಮೇಲೆ ತೆಗೆದಾಗ ವೈರುಗಳ ಮೇಲೆ ಬಿಳಿ ಬೂಷ್ಟು ಬಂದಿತ್ತು. ಒರೆಸಿ, ಒಂದು ಮಧ್ಯಾಹ್ನ ಬಿಸಿಲಿಗಿಟ್ಟು, ಒಣಗಿತೆಂದು ತಾನೇ ತೀರ್ಮಾನಿಸಿ ಕಿತ್ತೂರಿಗೆ ಒಯ್ದ. ಮೊದಲ ಆಟ ಶುರುವಾಗಿ ಐದೇ ನಿಮಿಷಕ್ಕೆ ಟ್ರಾನ್ಸ್‌ಫಾರ್ಮರ್ ಹೊಗೆ ಬಿಟ್ಟು ದನಿ ನಿಂತಿತು. ಚಿತ್ರ ಮೂಕವಾಗಿಯೇ ಓಡಿತು. ನೆಲದ ಮೇಲೆ ಕುಳಿತ ಕಿತ್ತೂರಿನ ಮಂದಿ ತಾವೇ ನಾಯಕ, ನಾಯಕಿಯ ಮಾತು ಹೇಳಿ ನಕ್ಕು ಮನೆಗೆ ಹೋದರು. ಹುಬ್ಬಳ್ಳಿಯಲ್ಲಿ ತಂತಿ ಮತ್ತೆ ಸುತ್ತಿಸಿ ತರುವಷ್ಟರಲ್ಲಿ ಇಪ್ಪತ್ತೆರಡು ದಿನ ತಂಬು ಬಿಕೋ ಎನ್ನುತ್ತಿತ್ತು. ನಿಜಗುಣಪ್ಪನವರು ಬೈಯಲಿಲ್ಲ. ಬೈದಿದ್ದರೆ ಉಳವಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಇದೊಂದ ಸಲ, ಉಳವಪ್ಪ,” ಎಂದಿದ್ದರು. “ಮುಂದಿನ ಮಳಿಗಾಲ ಮುಗದ ಮ್ಯಾಲೆ ಮಷಿನ್ ಬಾಯಿ ಬಿಡಲಿಲ್ಲಂದ್ರ ತಂಬು ಮಾರಿಬಿಡತೇನಿ. ನನಗೂ ಸಾಕಾಗೇತಿ.”

ಹುಬ್ಬಳ್ಳಿಯ ಮೆಕ್ಯಾನಿಕ್ಕು ಉಪಾಯವನ್ನೇನೋ ಹೇಳಿಕೊಟ್ಟಿದ್ದ. ಮಳೆಗಾಲವೆಲ್ಲ ಪೆಟ್ಟಿಗೆಯೊಳಗೆ ಒಂದು ಸಣ್ಣ ಬಲ್ಬು ಉರಿಯುತ್ತಿದ್ದರೆ ಸಾಕು, ಆ ಶಾಖಕ್ಕೆ ತೇವ ಹತ್ತಿರ ಸುಳಿಯುವುದಿಲ್ಲ. ಉಪಾಯ ಒಳ್ಳೆಯದೇ, ಆದರೆ ಉಳವಪ್ಪನ ಓಣಿಗೆ ಕರೆಂಟೇ ಬಂದಿರಲಿಲ್ಲ.

ಎಪ್ಪತ್ನಾಲ್ಕರ ಆಷಾಢದಲ್ಲಿ ಜಿಟಿಜಿಟಿ ಮಳೆ ಹಿಡಿದದ್ದು ಎಂಟು ದಿನ ಬಿಡಲಿಲ್ಲ. ಮಣ್ಣಿನ ಗೋಡೆ ಸೊಂಟದೆತ್ತರಕ್ಕೆ ಒದ್ದೆಯಾಯಿತು. ಅಟ್ಟದ ಮೇಲಿಟ್ಟಿದ್ದ ಪೆಟ್ಟಿಗೆಗೆ ಹೊದಿಸಿದ ಕಂಬಳಿ ಮುಟ್ಟಿ ನೋಡಿದರೆ ಕೈಗೆ ತಣ್ಣಗೆ ಹತ್ತುತ್ತಿತ್ತು. ಅಡುಗೆಮನೆಯ ಒಲೆಯ ಬಳಿ ತಂದಿಟ್ಟ. ಅಲ್ಲಿ ಎಸರಿನ ಹಬೆ, ಸಾಲದ್ದಕ್ಕೆ ಹೆಂಡತಿ ಶೆಟ್ಟೆವ್ವನ ಬೈಗುಳ. ಮತ್ತೆ ಅಟ್ಟಕ್ಕೇರಿಸಿದ. ದಿನಕ್ಕೆ ಹತ್ತು ಸಲ ಏಣಿ ಹತ್ತಿ ಇಳಿಯುವುದೇ ಅವನ ಕೆಲಸವಾಯಿತು. ಭಯ ಅವನನ್ನು ನಿಜವಾಗಿಯೂ ತಿನ್ನುತ್ತಿತ್ತು; ಐವತ್ತರ ಹೊಸ್ತಿಲಲ್ಲಿ ಅಣ್ಣಂದಿರ ಬಾಗಿಲಿಗೆ ಹೋಗಿ ನಿಲ್ಲುವ ಚಿತ್ರ ಕಣ್ಣು ಮುಚ್ಚಿದರೆ ಸಾಕು ಬರುತ್ತಿತ್ತು.

ಅದೇ ಹೊತ್ತಿಗೆ ಮಗಳು ಪದ್ಮವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣುಕೂಸು ಹಡೆದಿದ್ದಳು. ನಡುಮನೆಯ ಪಕ್ಕದ ಕತ್ತಲ ಕೋಣೆಯಲ್ಲಿ ಹಗ್ಗದ ಹೊರಸು ಹಾಕಿ, ಹೊರಸಿನ ಕೆಳಗೆ ಮಣ್ಣಿನ ಪರಾತದಲ್ಲಿ ಸಗಣಿ ಕುಳ್ಳಿನ ಕೆಂಡವಿಟ್ಟು, ಮೇಲೆ ಚಿಟಿಕೆ ಅಜವಾನ, ಅದೇ ಓಂಕಾಳು, ಉದುರಿಸಿ, ಬಾಗಿಲಿಗೆ ದಪ್ಪ ಕೌದಿ ಇಳಿಬಿಟ್ಟಿದ್ದರು. ಒಂದು ಬೆಳಿಗ್ಗೆ ಉಳವಪ್ಪ ಕುಳ್ಳಿನ ಬುಟ್ಟಿ ಕೊಡಲು ಹೋಗಿ ಕೌದಿ ಸರಿಸಿದ. ಒಳಗಿನ ಒಣ ಬೆಚ್ಚನೆ ಗಾಳಿ ಮುಖಕ್ಕೆ ಬಡಿಯಿತು. ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಶೆಟ್ಟೆವ್ವನಿಗೆ ಗಂಡ ನಿಂತ ರೀತಿಯಿಂದಲೇ ಅವನ ಮನಸ್ಸು ತಿಳಿಯಿತು.

“ಬ್ಯಾಡ,” ಎಂದಳು, ಅವನು ಬಾಯಿ ತೆರೆಯುವ ಮೊದಲೇ.

ಊರೂರು ತಿರುಗಿದ, ಕಂಡಕಂಡವರು ಮುಟ್ಟಿದ ಪೆಟ್ಟಿಗೆಯನ್ನು ಹಸುಗೂಸಿನ ಕೋಣೆಗೆ ತರುವುದೇ ಎಂದು ಅವಳ ವಾದ. ಅದು ತಪ್ಪೆಂದು ಉಳವಪ್ಪನಿಗೂ ಅನ್ನಿಸಲಿಲ್ಲ. ಎರಡು ದಿನ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟು ಏಳುತ್ತಿದ್ದ. ಮೂರನೆಯ ದಿನ ಕೌದಿಯ ಆಚೆಯಿಂದ ಪದ್ಮವ್ವನ ದನಿ ಬಂತು.

“ಇಡಲಿ ಬಿಡಬೇ ಯವ್ವಾ. ನನ್ನ ಸಾಕಿದ್ದೂ ಆ ಪೆಟಗೀನ ಅಲ್ಲೇನು.”

ಶೆಟ್ಟೆವ್ವ ಒಲೆಯ ಕಡೆ ಹೋದಳು. ಅಲ್ಲಿಂದ ಒಂದು ಕೊಡ ಬಿಸಿನೀರು ತಂದಳು. ಪೆಟ್ಟಿಗೆ ಒಳಗೆ ಬರುವುದಾದರೆ ತೊಳೆದುಕೊಂಡು ಬರಲಿ ಎಂದು! ಉಳವಪ್ಪ ಪೆಟ್ಟಿಗೆಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಅಡ್ಡ ನಿಂತ. ಕಡೆಗೆ ನೀರಿನ ಬದಲು ಧೂಪದ ಹೊಗೆ ಹಿಡಿದು, ಮೇಲೆ ಮೂರು ಬೆರಳು ವಿಭೂತಿ ಎಳೆಯುವುದೆಂದು ರಾಜಿಯಾಯಿತು. ಕೋಣೆಯೊಳಗೆ, ಬಾಣಂತಿಗೆ ನೀರೆರೆಯುವ ಬಚ್ಚಲಿನಿಂದ ದೂರದ ಮೂಲೆಯಲ್ಲಿ ಎರಡು ಹಲಗೆಯ ಮೇಲೆ ಪೆಟ್ಟಿಗೆ ಕುಳಿತಿತು.

ಈಗ ಹೊಸ ಚಿಂತೆ. ಶಾಖ ಹೆಚ್ಚಾದರೆ ಒಳಗಿನ ಮೇಣ ಕರಗುತ್ತದೆ ಎಂದು ಉಳವಪ್ಪ ಹೊಸ್ತಿಲಾಚೆಯಿಂದ ವಿವರಿಸತೊಡಗಿದ. ಶೆಟ್ಟೆವ್ವ ಅರ್ಧಕ್ಕೇ ತಡೆದಳು.

“ಕೂಸಿನ ಬೆನ್ನಿಗೆ ಎಷ್ಟು ಬೇಕೋ ಅಷ್ಟ ಕೆಂಡ ಹಾಕತೇನಿ. ಅದಕ್ಕ ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ. ನನಗ ಕಲಸಾಕ ಬರಬ್ಯಾಡ್ರಿ.”

ಅಂದಿನಿಂದ ದಿನವೂ ಕೂಸಿನ ಬೆನ್ನಿಗೆ ಹಿಂಗೈ ಇಟ್ಟು ನೋಡಿದ ಕೈಯನ್ನೇ ಪೆಟ್ಟಿಗೆಯ ಬೆನ್ನಿಗೂ ಇಟ್ಟು ನೋಡುತ್ತಿದ್ದಳು. ಕೂಸು ನೋಡಲು ಬಂದ ಹೆಂಗಸರು ಮೂಲೆಯ ವಿಭೂತಿ ಪೆಟ್ಟಿಗೆ ಕಂಡು ಇದೇನೆಂದರೆ, ಅದೂ ಬಾಣಂತನಕ್ಕೆ ಬಂದಿದೆ ಎಂದು ನಗಿಸಿ ಕಳಿಸುತ್ತಿದ್ದಳು. ಶ್ರಾವಣ, ಭಾದ್ರಪದ ಎರಡೂ ಹಾಗೇ ಕಳೆದವು. ಉಳವಪ್ಪ ಬಾಗಿಲಲ್ಲಿ ನಿಂತು ಮೊದಲು ಮೊಮ್ಮಗಳನ್ನು ವಿಚಾರಿಸುತ್ತಿದ್ದ, ಆಮೇಲೆ ಪೆಟ್ಟಿಗೆಯನ್ನು. ಅವನ ನಿದ್ದೆ ಮರಳಿ ಬಂದಿತ್ತು.

ಮಹಾನವಮಿ ಮುಗಿದ ವಾರಕ್ಕೆ ಬೈಲಹೊಂಗಲದ ಬಯಲಿನಲ್ಲಿ ತಂಬು ಎದ್ದಿತು. ಆಟಕ್ಕೆ ಮೊದಲು, ಹಗಲಿನಲ್ಲೇ ಉಳವಪ್ಪ ಪರೀಕ್ಷೆಗೆ ಕುಳಿತ. ನಿಜಗುಣಪ್ಪನವರು ಕೈ ಹಿಂದೆ ಕಟ್ಟಿ ಪಕ್ಕದಲ್ಲೇ ನಿಂತರು. ಈ ಸಲ ಉಳವಪ್ಪ ಆತುರಪಡಲಿಲ್ಲ. ತಂಬುವಿನ ಡೀಸೆಲ್ ಎಂಜಿನಿನ ಕರೆಂಟು ನೇರ ಕೊಡದೆ ನಡುವೆ ಒಂದು ಬಲ್ಬು ಕಟ್ಟಿದ. ಒಳಗೆ ತೇವವಿದ್ದು ತಂತಿ ಕೂಡಿಕೊಂಡಿದ್ದರೆ ಆ ಬಲ್ಬು ಪೂರ್ತಿ ಉರಿದೇ ಉರಿಯುತ್ತದೆ. ಯಂತ್ರ ಸರಿಯಿದ್ದರೆ ಒಮ್ಮೆ ಹೊತ್ತಿ ಮಂಕಾಗುತ್ತದೆ.

ಗುಂಡಿ ಒತ್ತಿದ. ಬಲ್ಬು ಭಗ್ಗನೆ ಹೊತ್ತಿತು. ಉಳವಪ್ಪ ಗುಂಡಿಯ ಮೇಲಿಂದ ಬೆರಳು ತೆಗೆಯಲಿಲ್ಲ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಬೆಳಕು ಮೆಲ್ಲಗೆ ಇಳಿಯಿತು, ಇಳಿದು ಬಲ್ಬಿನೊಳಗಿನ ತಂತಿ ಮಾತ್ರ ಕೆಂಪಗೆ ಉಳಿಯಿತು. ಬಲ್ಬು ಬಿಚ್ಚಿ ನೇರ ಕರೆಂಟು ಕೊಟ್ಟು ಒಂದು ಹಾಡಿನ ರಿಕಾರ್ಡ್ ಹಚ್ಚಿದ. ವಾಲ್ವುಗಳು ಒಂದೊಂದಾಗಿ ಹೊತ್ತಿಕೊಂಡವು. ಬಯಲಿನ ತುದಿಯ ಲೌಡ್‌ಸ್ಪೀಕರು ಗುಂಯ್ ಎಂದು, ಸ್ವಚ್ಛವಾಗಿ ಹಾಡತೊಡಗಿತು.

ಪೆಟ್ಟಿಗೆ ಕಾದಂತೆ ಅದರೊಳಗಿಂದ ಒಂದು ವಾಸನೆ ಎದ್ದಿತು. ನಿಜಗುಣಪ್ಪನವರು ಗಾಬರಿಯಾಗಿ ಬಗ್ಗಿ ಮೂಸಿದರು. ಮತ್ತೆ ಸುಡುತ್ತಿದೆಯೇ ಎಂದು ಅವರ ಅನುಮಾನ.

“ಸುಡಾಕತ್ತಿಲ್ಲರಿ,” ಎಂದ ಉಳವಪ್ಪ. “ಅಜವಾನರಿ. ನಮ್ಮ ಮೊಮ್ಮಗಳ ವಾಸನಿ.”

ಹಾಗೆಂದು ನಡೆದದ್ದೆಲ್ಲ ಹೇಳಿದ. ನಿಜಗುಣಪ್ಪನವರು ನಕ್ಕರು, ಹಾಡು ಮುಗಿಯುವವರೆಗೂ ಅಲ್ಲೇ ನಿಂತರು. ಆಮೇಲೆ ಹೊರಡುವ ಮುನ್ನ ಕೇಳಿದರು:

“ಮತ್ತ ಬರೋ ಮಳಿಗಾಲಕ್ಕ ಎಲ್ಲಿ ಇಡತಿ? ವರ್ಷಾ ಬಾಣಂತಿ ಎಲ್ಲಿಂದ ತರತಿ?”

ಬರೋ ಮಳಿಗಾಲ. ಆ ಮಾತು ಧಣಿಯ ಬಾಯಿಂದ ತಾನಾಗಿ ಬಂದಿತ್ತು. ಉಳವಪ್ಪನ ಕಣ್ಣು ತುಂಬಿತು, ಒರೆಸಿಕೊಳ್ಳಲು ನಾಚಲಿಲ್ಲ.

“ಬಾಣಂತಿ ಇರಲಿ ಬಿಡಲಿ, ಆ ಕೋಣ್ಯಾಗ ಕೆಂಡ ಹಾಕತೇನಿ ಅಂದಾಳ್ರಿ ನಮ್ಮಾಕಿ,” ಎಂದ.